ತುಕ್ಕು ತಿಂದ ಕಾರು, ನನ್ನ ಭಾನುವಾರಗಳು

ಕಾರಿನ ಹುಚ್ಚು ನನ್ನದಲ್ಲ, ನನ್ನ ಗಂಡನದು. ಇವರ ತಂದೆ ಬೆಳಗಾವಿಯ ಒಬ್ಬ ವ್ಯಾಪಾರಿಯ ಮನೆಯಲ್ಲಿ ಬಹಳ ವರ್ಷ ಡ್ರೈವರ್ ಆಗಿದ್ದರು. ಅವರು ಓಡಿಸುತ್ತಿದ್ದ ಅಂಬಾಸಿಡರ್ ಆ ಮನೆಯ ಹಿತ್ತಲಲ್ಲಿ ಕೊಳೆಯುತ್ತಿದೆ, ಇಷ್ಟರಲ್ಲೇ ಗುಜರಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಇವರು ಹೋಗಿ ಅದನ್ನು ಕೊಂಡುಬಿಟ್ಟರು. ಖಾಸಬಾಗದ ನಮ್ಮ ಮನೆಯ ಮುಂದೆ ಎರಡು ಸೈಕಲ್ ನಿಲ್ಲಿಸಲು ಜಾಗವಿಲ್ಲ. ಖಾನಾಪುರದಲ್ಲಿ ನನ್ನ ನಾದಿನಿಯ ಮನೆಯ ಪಕ್ಕ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದಿತ್ತು. ಅದರ ಶೆಡ್ಡಿನಲ್ಲಿ ಕಾರು ನಿಂತಿತು.

ಆಗಷ್ಟೇ ನೌಕರಿಯಿಂದ ನಿವೃತ್ತರಾಗಿದ್ದ ಇವರು ವೆಲ್ಡಿಂಗ್ ಮಷಿನ್ ತಂದರು, ಬಣ್ಣ ಹೊಡೆಯಲು ಹಳೆಯ ಕಂಪ್ರೆಸರ್ ತಂದರು. ಮೆಕ್ಯಾನಿಕ್ ಒಬ್ಬನನ್ನು ಕರೆಸಿ ಎಂಜಿನ್ ಇಳಿಸಿ ರಿಪೇರಿಗೆ ಕಳಿಸಿದರು, ಸೀಟು, ಪೆಟ್ರೋಲ್ ಟ್ಯಾಂಕು ಬಿಚ್ಚಿ ಬದಿಗಿಟ್ಟರು. ಬಾಗಿಲು ತೆಗೆದು ನೋಡಿದರೆ ಒಳಗೆ ಕಾಲಿಡುವ ತಗಡೆಲ್ಲ ತುಕ್ಕು ಹಿಡಿದು ಉದುರಿ, ಕೆಳಗಿನ ನೆಲ ಕಾಣುತ್ತಿತ್ತು. "ನಾನs ಕಲ್ತು ಮಾಡ್ತೀನಿ. ಅದರಾಗೇನ ದೊಡ್ಡದೈತಿ?" ಅಂದರು. ಕಲಿಯುವುದಕ್ಕೆ ಶುರುಮಾಡುವಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಆಪರೇಷನ್ ಆದಮೇಲೂ ಎದುರಿಗೆ ನಿಂತವರು ನೆರಳಿನ ಹಾಗೆ ಕಾಣುತ್ತಾರೆಯೇ ಹೊರತು ಮುಖ ಕಾಣುವುದಿಲ್ಲ. ವೆಲ್ಡಿಂಗಿನ ಹೆಸರೂ ಎತ್ತಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಶಹಾಪುರದ ಅಂಗಡಿಗಳಿಂದ ಸೀರೆ ತಂದು ಫಾಲ್ ಹಚ್ಚಿ, ಕುಪ್ಪಸ ಹೊಲಿದು ಕೊಡುತ್ತೇನೆ. ವಾರವೆಲ್ಲ ಮಷಿನ್ನಿನ ಮುಂದೆ ಬಗ್ಗಿ ಕೂತು ಕುತ್ತಿಗೆ ನೋಯುತ್ತಿರುತ್ತದೆ. ಭಾನುವಾರ ಬಂದರೆ ಇವರ ಕೈ ಹಿಡಿದು ಬಸ್ಸು ಹತ್ತಿಸಿ ಖಾನಾಪುರಕ್ಕೆ ಕರೆದೊಯ್ಯಬೇಕು. ಇವರು ಕಾರಿನ ಬಾನೆಟ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಮರಳಿ ಬರುವಾಗ ದಾರಿಯುದ್ದಕ್ಕೂ ಅದೇ ಮಾತು: ತಗಡು ಹೀಗೆ ಕತ್ತರಿಸಬೇಕಿತ್ತು, ಹಾಗೆ ಕೂರಿಸಬೇಕಿತ್ತು. ಮನೆಯಲ್ಲೂ ಅದೇ. ಊಟಕ್ಕೆ ಕೂತರೂ ಅದೇ.

"ವೈನಿ, ಇದನ್ನ ತೂಕಕ್ಕ ಹಾಕಿ ಬಿಡ್ರಿ. ಅಣ್ಣಾ ಎರಡು ದಿನಾ ಸಿಟ್ಟ ಮಾಡ್ತಾನ, ಆಮ್ಯಾಲೆ ಮರೀತಾನ," ಎಂದಳು ನಾದಿನಿ.

ಇವರು ಮರೆಯುವ ಮನುಷ್ಯರಲ್ಲ ಎಂದು ನನಗೆ ಗೊತ್ತಿತ್ತು. ಕಾರು ಮಾರಿದರೂ ಮಾತು ನಿಲ್ಲುತ್ತಿರಲಿಲ್ಲ. ಈ ಕೆಲಸ ಒಮ್ಮೆ ಮುಗಿದರೆ ಸಾಕು ಅನ್ನಿಸಿ ಒಂದು ಭಾನುವಾರ ನಾನೇ ಮುಖಕ್ಕೆ ವೆಲ್ಡಿಂಗಿನ ಮಾಸ್ಕ್ ಕಟ್ಟಿಕೊಂಡೆ. ಪ್ರೀತಿಯಿಂದ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಾಕಾಗಿ ಮಾಡಿದೆ.

"ನಿನ್ನ ಕೈಲೆ ಆಗೂದಿಲ್ಲ ಬಿಡು," ಅಂದರು.

"ಆಗ್ಲಿಲ್ಲಂದ್ರ ಬಿಡ್ತೀನಿ. ನೀವು ಸುಮ್ಮ ಕುಂದರ್ರಿ," ಅಂದೆ.

ಮೊದಮೊದಲು ವೆಲ್ಡಿಂಗ್ ರಾಡು ತಗಡಿಗೆ ಅಂಟಿಕೊಂಡು ಬಿಡುತ್ತಿತ್ತು. ಜಗ್ಗಿ ಕಿತ್ತರೆ ಅದರ ಮೈಗೆ ಲೇಪಿಸಿದ ಮಸಾಲೆ ಉದುರಿ ಬರೀ ತಂತಿ ಉಳಿಯುತ್ತಿತ್ತು. ಕರೆಂಟು ಹೆಚ್ಚಿಸಿದರೆ ತಗಡಿಗೇ ತೂತು. ಒಂದು ತೂತು ಮುಚ್ಚಲು ಹೋಗಿ ಪಕ್ಕದಲ್ಲಿ ಇನ್ನೊಂದು ಮಾಡುತ್ತಿದ್ದೆ. ವಾರದ ದಿನಗಳಲ್ಲಿ ಕಾಜಾ ಹಾಕುತ್ತ ಕೂತಾಗ ಫೋನಿನಲ್ಲಿ ವೆಲ್ಡಿಂಗಿನ ವಿಡಿಯೋ ಹಚ್ಚಿಡುತ್ತಿದ್ದೆ. ಹಿಂದಿಯಲ್ಲಿ ಹೇಳಿದ್ದು ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಕೈ ನೋಡಿ ಊಹಿಸಿಕೊಳ್ಳುತ್ತಿದ್ದೆ. ಇವರು ಪಕ್ಕದಲ್ಲಿ ಕೂತು ಸದ್ದಷ್ಟೇ ಕೇಳುತ್ತಿದ್ದರು. ಒಂದು ಭಾನುವಾರ ನಾನು ಗುಜರಿ ತಗಡಿನ ಮೇಲೆ ಒದ್ದಾಡುತ್ತಿರುವಾಗ ದೂರದಿಂದಲೇ ಕೂಗಿದರು.

"ಪಟಪಟ ಅನಬಾರದು. ಎಣ್ಯಾಗ ಭಜಿ ಕರದಂಗ ಒಂದs ಸಮ ಸಪ್ಪಳ ಬರಬೇಕು. ರಾಡ್ ಇನ್ನೊಂದೀಟ ಕೆಳಗ ತಗೋ."

ತಗೊಂಡೆ. ಸದ್ದು ಬದಲಾಯಿತು. ಅವತ್ತು ಮೊದಲ ಸಲ ಎರಡು ತುಂಡು ತಗಡು ಕೂಡಿ ನಿಂತವು. ನೆಲಕ್ಕೆ ಬಡಿದು ನೋಡಿದೆ, ಬಿಡಲಿಲ್ಲ. ಖುಷಿಪಡಲಿಕ್ಕೂ ತ್ರಾಣವಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಮಾಸ್ಕ್ ಹಾಕಿದರೆ ಕತ್ತಲು, ರಾಡಿನ ತುದಿ ಎಲ್ಲಿದೆ ಎಂದೇ ಕಾಣುವುದಿಲ್ಲ. ಹೊಲಿಗೆಗೆ ಮುಂಚೆ ಬಟ್ಟೆಗೆ ಅಲ್ಲಲ್ಲಿ ಟಾಕಾ ಹಾಕುವಂತೆ ತಗಡಿಗೂ ಮೊದಲು ಅಲ್ಲಲ್ಲಿ ಚುಕ್ಕೆ ಇಡಬೇಕು. ಒಂದು ದಿನ ಅವಸರ ಮಾಡಿ, ಚುಕ್ಕೆ ತಾನೇ ಎಂದು ಮಾಸ್ಕ್ ಇಲ್ಲದೆ ಕಣ್ಣು ಕಿರಿದು ಮಾಡಿಕೊಂಡು ಇಡುತ್ತ ಹೋದೆ. ಆಗ ಏನೂ ಆಗಲಿಲ್ಲ. ಮನೆಗೆ ಬಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಕಣ್ಣಿನಲ್ಲಿ ಯಾರೋ ಹಿಡಿ ಮರಳು ಹಾಕಿ ತಿಕ್ಕಿದಂತಾಯಿತು. ನೀರು ಧಾರಾಕಾರ. ರೆಪ್ಪೆ ತೆರೆಯಲು ಆಗುತ್ತಿಲ್ಲ. ಅಡುಗೆಮನೆಯ ಗೋಡೆ ಹಿಡಿದು ನಿಂತುಬಿಟ್ಟೆ.

"ಏನಾತು?" ಎಂದು ಇವರು ಬಂದರು.

"ಕಣ್ಣ ತೆಗೀಲಿಕ್ಕೆ ಆಗವಲ್ದ್ರಿ. ಏನೂ ಕಾಣವಲ್ದು."

ಇವರು ನನ್ನ ಮೊಳಕೈ ಹಿಡಿದರು. ತಮಗೆ ಕಾಣದ ಮನೆಯಲ್ಲಿ ಹೆಜ್ಜೆ ತಪ್ಪದೆ ನಡೆಸಿಕೊಂಡು ಹೋಗಿ ನನ್ನನ್ನು ಮಂಚದ ಮೇಲೆ ಮಲಗಿಸಿದರು. "ಇಲ್ಲಿ ಹೊಸ್ತಿಲ ಐತಿ, ಕಾಲ ಎತ್ತು," ಎಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಆ ಹೊಸ್ತಿಲನ್ನು ನಾನು ಮದುವೆಯಾದಾಗಿನಿಂದ ದಾಟುತ್ತಿದ್ದೇನೆ. ತಣ್ಣೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಕಣ್ಣ ಮೇಲಿಟ್ಟರು, ಬಿಸಿಯಾದಾಗ ತೆಗೆದು ಮತ್ತೆ ಅದ್ದಿದರು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ಕೇಳಿಸಿತು. ಅವಲಕ್ಕಿಗೆ ಮೊಸರು ಕಲಸಿ ತಂದರು. ಉಪ್ಪು ಜಾಸ್ತಿಯಾಗಿತ್ತು.

"ಇವತ್ತ ಇಬ್ರೂ ಒಂದs ಆದ್ವಿ ನೋಡು," ಎಂದರು.

ನನಗೆ ನಗು ಬಂತು, ನಕ್ಕರೆ ಕಣ್ಣು ಇನ್ನಷ್ಟು ಉರಿಯಿತು. ಬಟ್ಟೆಯನ್ನು ಮತ್ತೊಮ್ಮೆ ಅದ್ದಿ ಕಣ್ಣ ಮೇಲಿಟ್ಟು ಅವರು, "ಸಾಕ ಮಾಡು. ಕಾರಿಲ್ಲದ ನಾವೇನ ಬದುಕಿಲ್ಲೇನ?" ಅಂದರು. ಈ ಮಾತನ್ನು ಒಂದು ವರ್ಷ ಮುಂಚೆ ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದೆ. ಈಗ ಅರ್ಧ ತಗಡು ಕೂರಿಸಿ ಆಗಿತ್ತು. ಅರ್ಧಕ್ಕೆ ಬಿಟ್ಟ ಕುಪ್ಪಸವನ್ನೂ ನಾನು ಮನೆಯಲ್ಲಿ ಇಟ್ಟುಕೊಂಡವಳಲ್ಲ.

ಡಾಕ್ಟರರ ಹನಿ ಔಷಧಿಯಿಂದ ಕಣ್ಣು ಗುಣವಾಯಿತು. ಮತ್ತೆಂದೂ ಮಾಸ್ಕ್ ಇಲ್ಲದೆ ರಾಡು ಹಿಡಿಯಲಿಲ್ಲ. ಮಳೆಗಾಲ ಬರುವ ಮುಂಚೆ ಕೆಳಗಿನ ತಗಡು ಪೂರ್ತಿಯಾಯಿತು. ಚೆಂದ ಕಾಣುತ್ತಿರಲಿಲ್ಲ, ಗಂಟುಗಂಟಾಗಿತ್ತು. ಆದರೆ ಮೇಲೆ ನಿಂತು ಕುಣಿದರೂ ಬಾಗುತ್ತಿರಲಿಲ್ಲ.

ಬಣ್ಣ ಇನ್ನೊಂದು ರಗಳೆ. ಮೊದಲು ಕಾರಿನ ಮೈಮೇಲಿನ ತಗ್ಗುಗಳಿಗೆಲ್ಲ ಪುಟ್ಟಿ ತುಂಬಿದೆ. ಮಳೆ ಹೋದಮೇಲೆ ಹೊಡೆಯಿರಿ ಎಂದು ಬಣ್ಣದ ಅಂಗಡಿಯವರು ಹೇಳಿದ್ದರು. ಖಾನಾಪುರದ ಮಳೆ ಹೋಗುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಒಂದು ದಿನ ಬಿಸಿಲು ಬಿದ್ದಿದ್ದೇ ನೆಪವಾಗಿ ಬಣ್ಣಕ್ಕೆ ಥಿನ್ನರ್ ಬೆರೆಸಿ, ಮೂಗು ಬಾಯಿ ಮುಚ್ಚಿಕೊಂಡು ಬಣ್ಣ ಸಿಂಪಡಿಸುವ ಗನ್ ಹಿಡಿದೆ. ತಿಳಿ ನೀಲಿ ಬಣ್ಣ ಮಂಜಿನ ಹಾಗೆ ಇಳಿಯುತ್ತಿತ್ತು. ಇಷ್ಟು ದಿನದ ಕೆಲಸದಲ್ಲಿ ನನಗೆ ಚೆಂದ ಅನ್ನಿಸಿದ್ದು ಅದೊಂದೇ ಗಳಿಗೆ. ಮಧ್ಯಾಹ್ನ ಮೋಡ ಕವಿಯಿತು. ನೋಡನೋಡುತ್ತ ನೀಲಿಯ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮಬ್ಬು ಹತ್ತಿತು. ಗಾಳಿಯಲ್ಲಿನ ತೇವ ಬಣ್ಣದೊಳಗೆ ಕೂತುಬಿಟ್ಟಿತ್ತು. ಒರೆಸಿದರೆ ಹೋಗುವಂಥದ್ದಲ್ಲ. ಪೂರ್ತಿ ತಿಕ್ಕಿ ತೆಗೆಯಬೇಕು.

"ಹೆಂಗ ಕಾಣ್ತೈತಿ?" ಎಂದು ಇವರು ಕೇಳಿದರು.

"ಹಾಳಾತು," ಎಂದಷ್ಟೇ ಹೇಳಿ ಹೆಂಚಿನ ರಾಶಿಯ ಮೇಲೆ ಕೂತೆ.

ತಿಕ್ಕುವ ಕೆಲಸಕ್ಕೆ ಇವರೂ ಕೈ ಹಚ್ಚಿದರು. ನೀರು ಹಾಕುತ್ತ ವಾಟರ್ ಪೇಪರ್ ಎಂಬ ಉಪ್ಪುಕಾಗದದಿಂದ ಉಜ್ಜಬೇಕು. ಅದಕ್ಕೆ ಕಣ್ಣು ಬೇಕಾಗಿಲ್ಲ. ಬೆರಳ ತುದಿ ಆಡಿಸಿ, "ಇಲ್ಲಿ ತಗ್ಗೈತಿ, ಇಲ್ಲಿ ಪುಟ್ಟಿ ಉಬ್ಬೇತಿ," ಎನ್ನುತ್ತಿದ್ದರು. ನನಗೆ ಕಾಣದ್ದೆಲ್ಲ ಅವರ ಬೆರಳಿಗೆ ಸಿಗುತ್ತಿತ್ತು. ಮೊದಲು ಸಮಾಧಾನವಾಯಿತು, ಬರುಬರುತ್ತ ಸಿಟ್ಟು ಬಂತು. ಮುಗಿಯಿತು ಎಂದು ನಾನು ಕೈ ತೊಳೆದ ಬಾಗಿಲ ಮೇಲೆ ಅವರು ಮತ್ತೆ ಬೆರಳಾಡಿಸಿ "ಇನ್ನೂ ಸಮ ಆಗಿಲ್ಲ" ಎಂದಾಗ ಬಕೆಟ್ಟನ್ನೇ ಒದ್ದೆ.

"ಸಾಕಾಗೇತ್ರಿ ನನಗ! ಯಾರು ನೋಡೂವವರದಾರ ಇದನ್ನ? ನೀವ್ ನೋಡ್ತೀರೇನ?"

ಆಡಬಾರದ ಮಾತು ಬಾಯಿಂದ ಬಿದ್ದಿತ್ತು. ಇವರು ಕೆಳಗೆ ತಡಕಾಡಿ ಬಕೆಟ್ಟನ್ನು ಹುಡುಕಿ ನೆಟ್ಟಗಿಟ್ಟರು. "ನಾ ನೋಡೂದಿಲ್ಲ, ಖರೇ," ಎಂದರು. "ಕೈಲೆ ಮುಟ್ಟತೀನಲ್ಲ." ನಾದಿನಿ ಚಹಾ ತಂದಳು. ನಮ್ಮಿಬ್ಬರ ಮುಖ ನೋಡಿ ಕಪ್ಪು ಇಟ್ಟು ಹೋದಳು. ಚಹಾ ಕುಡಿದು ಆ ಬಾಗಿಲನ್ನು ಮತ್ತೆ ಉಜ್ಜಿದೆವು, ನಾನು ಮೇಲಿಂದ, ಅವರು ಕೆಳಗಿಂದ.

ಚಳಿಗಾಲದ ಒಣ ಬಿಸಿಲಿಗೆ ಬಣ್ಣ ಸರಿಯಾಗಿ ಕೂತಿತು. ಹಿಂದಿನ ಒಂದು ಬಾಗಿಲಲ್ಲಿ ಬಣ್ಣ ಕಣ್ಣೀರಿನಂತೆ ಇಳಿದು ಗಟ್ಟಿಯಾಗಿದೆ. ಅದನ್ನು ಹಾಗೇ ಬಿಟ್ಟೆವು. ಇವರ ಬೆರಳಿಗೂ ಅದು ಸಿಕ್ಕಿತ್ತು, ಆದರೆ ಏನೂ ಅನ್ನಲಿಲ್ಲ. ಮೆಕ್ಯಾನಿಕ್ ಎಂಜಿನ್ ತಂದು, ಟ್ಯಾಂಕು, ಸೀಟು ಸಹಿತ ಕೂರಿಸಿಕೊಟ್ಟ. ಕಾಗದಪತ್ರದ ಓಡಾಟವನ್ನೂ, ನಮ್ಮ ಓಣಿಯ ತುದಿಯಲ್ಲಿ ಕಾರಿಗೊಂದು ಜಾಗ ಹುಡುಕುವುದನ್ನೂ ನಾದಿನಿಯ ಗಂಡ ನೋಡಿಕೊಂಡರು. ಬೆಳಗಾವಿಗೆ ಕಾರು ತರುವ ದಿನ ಓಡಿಸಿದವರೂ ಅವರೇ. ಇವರು ಮುಂದೆ ಅವರ ಪಕ್ಕದಲ್ಲಿ ಕೂತರು, ನಾನು ಹಿಂದಿನ ಸೀಟಿನಲ್ಲಿ.

ಶೆಡ್ಡಿನಿಂದ ಹೊರಬಿದ್ದು ರಸ್ತೆ ಸೇರುವವರೆಗೆ ನೆನಪಿದೆ. ಕಾಲಡಿಯ ತಗಡು ಗಡಗಡ ಅನ್ನುತ್ತದೇನೋ ಎಂದು ಕಿವಿಗೊಟ್ಟು ಕೂತಿದ್ದೆ. ಅನ್ನಲಿಲ್ಲ. ಕಿಟಕಿಯಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಮುಂದೆ ಇವರು ಏನೋ ಮಾತಾಡುತ್ತಿದ್ದರು. ಅಷ್ಟೇ. ಯಾರೋ ಹೆಗಲು ಅಲುಗಾಡಿಸಿದಾಗ ಕಣ್ಣು ಬಿಟ್ಟರೆ ಖಾಸಬಾಗದ ನಮ್ಮ ಓಣಿ. ನೆರೆಯವರು ಬಾಗಿಲಿಗೆ ಬಂದು ನಿಂತಿದ್ದರು.

ಇವರು ಹಿಂದಕ್ಕೆ ತಿರುಗಿ, "ಹೆಂಗಾತು? ಎಲ್ಲಾರೂ ನೋಡಿರಬೇಕಲ್ಲ ರಸ್ತೇದಾಗ?" ಎಂದು ಕೇಳಿದರು.

"ನನಗ ನಿದ್ದಿ ಹತ್ತಿತ್ತು," ಅಂದೆ.

ನಾದಿನಿಯ ಗಂಡ ಜೋರಾಗಿ ನಕ್ಕರು. ಇವರು ನಗಲಿಲ್ಲ. "ಮಲಗಲಿ ಬಿಡ್ರಿ," ಎಂದು ಅವರಿಗೆ ಹೇಳಿ, "ಇನ್ನೊಂದೀಟ ಮಲಕೋತೀಯೇನ? ಗಾಡಿ ಇಲ್ಲೇ ನಿಂದರಲಿ," ಎಂದರು. ನಾನು ಹೂಂ ಅಂದು ಮತ್ತೆ ಕಣ್ಣು ಮುಚ್ಚಿದೆ.