ಅಕ್ಕ ಹುಡುಕಿದ ಪದಗಳು

ಚಿಕ್ಕವನಿದ್ದಾಗಲೂ ನಾನು ಈಗಿನಷ್ಟೇ ಪುಕ್ಕಲ, ಮಕ್ಕಳೇ. ಬೇರೆ ಹುಡುಗರು ಗೋಲಿ ಗೆದ್ದು ಜೇಬು ತುಂಬಿಸಿಕೊಂಡರೆ ನಾನು ಚಿಂತೆ ತುಂಬಿಸಿಕೊಳ್ಳುತ್ತಿದ್ದೆ. ಆದರೂ ಆ ಸೋಮವಾರದಷ್ಟು ಚಿಂತೆ ಮತ್ತೆಂದೂ ಆಗಲಿಲ್ಲ.

ನಮ್ಮದು ಸೇಲಂನಲ್ಲಿ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇಂಗ್ಲಿಷು ಇದ್ದದ್ದು ಶಾಲೆಯ ಕರಿಹಲಗೆಯ ಮೇಲೆ ಮಾತ್ರ. ಒಂದು ಶುಕ್ರವಾರ ನಮ್ಮ ಇಂಗ್ಲಿಷ್ ವಾದ್ಯಾರು ಅದರ ಮೇಲೆ ಎ, ಡಿ, ಇ, ಆರ್ ಎಂದು ನಾಲ್ಕು ಅಕ್ಷರ ಬರೆದರು. ಈ ನಾಲ್ಕೂ ಇರುವ ಪದಗಳನ್ನು ಹುಡುಕಿ ತರಬೇಕು. ಹಿಂದುಮುಂದಾಗಿದ್ದರೂ ಸರಿ, ನಡುವೆ ಬೇರೆ ಅಕ್ಷರ ನುಸುಳಿದ್ದರೂ ಸರಿ. ಸೋಮವಾರ ಬೆಳಿಗ್ಗೆ ಯಾರು ಹೆಚ್ಚು ಪದ ತರುತ್ತಾರೋ ಅವರ ಹೆಸರನ್ನು ದೊಡ್ಡ ಶಾಲೆಯ ಫೀಸಿಲ್ಲದ ಜಾಗಕ್ಕೆ ಬರೆದು ಕಳಿಸುತ್ತೇನೆ ಎಂದರು. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಆ ಜಾಗ ಸಿಕ್ಕರೆ ಓದು, ಸಿಗದಿದ್ದರೆ ಮಗ್ಗದ ಗುಂಡಿಗಿಳಿದು ನೇಯಿ.

ಅಕ್ಕನನ್ನು ಶಾಲೆ ಬಿಡಿಸಿ ಬಹಳ ಕಾಲವಾಗಿತ್ತು. ಅವಳು ರಾಟೆಯ ಮುಂದೆ ಕೂತು ನೂಲು ಸುತ್ತುವಾಗ ನಾನು ಎದುರಿಗೆ ಕೂತು ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ಹಾಗಾಗಿ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಅವಳು ತಲೆಕೆಳಗಾಗಿ ಕಲಿತಿದ್ದಳು. ನೆಟ್ಟಗೆ ತೋರಿಸಿದರೆ ತಡವರಿಸುವಳು, ತಿರುಗಿಸಿ ಹಿಡಿದರೆ ಸರಸರ ಹೇಳುವಳು.

ಎರಡು ದಿನ ಒದ್ದಾಡಿದರೂ ನನಗೆ ಹೊಳೆದದ್ದು ರೀಡ್, ಡಿಯರ್, ಬ್ರೆಡ್. ಬ್ರೆಡ್ಡನ್ನು ನಾನು ಕಣ್ಣಿಂದ ನೋಡಿಯೂ ಇರಲಿಲ್ಲ. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿದು ಅಳು ಶುರುವಾಯಿತು. ಭಾನುವಾರ ಸಂಜೆ ಅಕ್ಕ ಎದ್ದು, ನೂಲಿನ ಕಟ್ಟುಗಳ ಮೇಲೆ ಗಿರಣಿಯವರು ಅಂಟಿಸಿದ್ದ ಚೀಟಿಗಳನ್ನು ಒಂದೊಂದಾಗಿ ತಲೆಕೆಳಗೆ ಹಿಡಿದು ನೋಡತೊಡಗಿದಳು. ಆನೆಯ ಚಿತ್ರದ ಅಡಿಯಲ್ಲಿ ಟ್ರೇಡ್ ಸಿಕ್ಕಿತು. ಬಣ್ಣದ ಡಬ್ಬಿಯೊಂದನ್ನು ಸೆರಗಿನಿಂದ ಒರೆಸಿದಾಗ ಗ್ಯಾರಂಟೀಡ್ ಎಂಬ ಉದ್ದನೆಯ ಪದ ಸಿಕ್ಕಿತು.

“ಅರ್ಥ ಏನೋ ಯಾರಿಗ್ ಗೊತ್ತು. ನಾಕೂ ಒಳಗವೆ, ಬರ್ಕೊ” ಎಂದಳು.

ಮರುದಿನ ಬೆಳಗಿನ ಜಾವವೇ ಅಪ್ಪ ಪಾವು ಹಾಸಿದ. ನೇಯುವ ಮುಂಚೆ ಉದ್ದನೆಯ ಎಳೆಗಳನ್ನೆಲ್ಲ ಬೀದಿಯಲ್ಲಿ ಬಿಗಿದು ಕಟ್ಟಿ ಅಕ್ಕಿಗಂಜಿ ಹಚ್ಚುವುದನ್ನು ನಾವು ಹಾಗೆನ್ನುತ್ತಿದ್ದೆವು. ಗಂಜಿ ಬಿದ್ದ ಮೇಲೆ ಅದು ಒಣಗುವವರೆಗೆ ಒಬ್ಬೊಬ್ಬರು ಒಂದೊಂದು ಕಡೆ ನಿಂತು, ಅಂಟಿಕೊಳ್ಳುವ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತಲೇ ಇರಬೇಕು. ಮನೆಗೆ ನೆಂಟರು ಬಂದರೂ ಅಲ್ಲಿಂದಲೇ ಮಾತಾಡಿಸುವುದು. ಅಮ್ಮ ತವರಾದ ನಂಗವಳ್ಳಿಗೆ ಬಾಣಂತನಕ್ಕೆ ಹೋಗಿದ್ದಳು. ದೀಪಾವಳಿ ಹತ್ತಿರವಾದ್ದರಿಂದ ನೆರೆಯವರಿಗೂ ಅವರವರ ಕೆಲಸವೇ ಹೆಚ್ಚು. ಇದ್ದದ್ದು ನಾವು ಮೂವರೇ. ಶಾಲೆಯ ಗಂಟೆಗೆ ಮುಂಚೆಯೇ ಬಿಸಿಲು ಬಿದ್ದು ಒಣಗುತ್ತದೆ ಎಂದು ಅಪ್ಪ ನಂಬಿದ್ದ. ಬಿಸಿಲು ಬರಲಿಲ್ಲ. ಮೋಡ ಬಂತು.

ಹುಳಿ ಗಂಜಿಯ ವಾಸನೆ, ತಣ್ಣನೆಯ ಗಾಳಿ, ಬೆರಳಿಗೆ ಅಂಟುವ ಎಳೆ. ನಾನು ಶಾಲೆಯ ಕಡೆಗೊಮ್ಮೆ ಆಕಾಶದ ಕಡೆಗೊಮ್ಮೆ ನೋಡುತ್ತ, ಬಿಡಿಸಿದ ಎಳೆಗಳನ್ನೂ ಸಿಕ್ಕು ಮಾಡುತ್ತಿದ್ದೆ. ಕೊನೆಗೆ ಶಾಲೆಗೆ ಹೋಗಲೇ ಎಂದು ಕೇಳಿದೆ.

“ಗಂಜಿ ಬಿದ್ದೈತೆ. ಈಗ್ ಎಲ್ಲಿಗ್ ಓಗ್ತೀಯ?” ಎಂದ ಅಪ್ಪ.

“ಅವನ್ ಜಾಗಾನೂ ನಾನೇ ನೋಡ್ಕೊತೀನಪ್ಪ, ಓಗ್ಲಿ ಬಿಡು” ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಇಲ್ಲಿ ನಿಂತ್ಕಂಡು ನಡುಗಿದ್ರೆ ಪಾವೂ ಒಣಗಲ್ಲ, ನೀನೂ ಪಾಸಾಗಲ್ಲ. ಓಗ್ಲಾ.”

ಅಪ್ಪ ಆಕಾಶ ನೋಡಿ ಮತ್ತೆ ಎಳೆಗಳ ಮೇಲೆ ಬಗ್ಗಿದ. ನಾನು ಓಡಿದೆ.

ವಾದ್ಯಾರು ನನ್ನ ಸ್ಲೇಟು ಓದುತ್ತ ಗ್ಯಾರಂಟೀಡ್ ಹತ್ತಿರ ನಿಂತರು. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಬಣ್ಣದ ಡಬ್ಬಿಯಲ್ಲಿ, ಅಕ್ಕನಿಗೆ ಸಿಕ್ಕಿತು ಎಂದೆ. ಹುಡುಗರೆಲ್ಲ ನಕ್ಕರು, ಅವರು ನಗಲಿಲ್ಲ. ಇನ್ನೊಂದೇ ಪದ ಕಡಿಮೆಯಾಗಿದ್ದರೂ ನನಗೆ ಜಾಗ ತಪ್ಪುತ್ತಿತ್ತು. ನನ್ನ ಹೆಸರು ಬರೆದುಕೊಂಡು, ನಿಜವಾಗಿ ಈ ಜಾಗ ಅವಳಿಗೇ ಕೊಡಬೇಕಾದ್ದು, ಒಂದು ದಿನ ಅವಳನ್ನೂ ಕರೆದುಕೊಂಡು ಬಾ ಎಂದು ತಮಿಳಿನಲ್ಲಿ ಹೇಳಿದರು. ಅಷ್ಟರಲ್ಲಿ ಹೆಂಚಿನ ಮೇಲೆ ಮಳೆ ಸದ್ದು ಮಾಡಿತು.

ಮನೆಗೆ ಬಂದಾಗ ಪಾವನ್ನು ಸುರುಳಿ ಸುತ್ತಿ ನಡುಮನೆಗೆ ತಂದು ಹಾಕಿದ್ದರು. ಗಂಜಿ ತೊಳೆದುಹೋಗಿ, ಎಳೆಗಳು ಒದ್ದೆ ಜಡೆಯ ಹಾಗೆ ಮುದ್ದೆಯಾಗಿದ್ದವು. ಹೆಚ್ಚು ಅಂಟಿಕೊಂಡಿದ್ದದ್ದು ನಾನು ಬಿಟ್ಟು ಹೋದ ಜಾಗದಲ್ಲೇ. ಎರಡು ಕಡೆಗೂ ಓಡಾಡಿ ಅಕ್ಕನ ಕೈ ಸಾಲದೆ ಹೋಗಿತ್ತು. ಅಪ್ಪ ಅವಳನ್ನೂ ಬೈದಿರಲಿಲ್ಲ, ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಮನೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಜಾಗ ಸಿಕ್ಕಿದ್ದನ್ನು ಹೇಳಿದೆ. ವಾದ್ಯಾರು ಅವಳನ್ನು ಕರೆದದ್ದನ್ನೂ ಹೇಳಿದೆ. ಅಕ್ಕನ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಎಳೆ ಬಿಡಿಸತೊಡಗಿ, “ನಾನ್ ಅಲ್ಲಿಗ್ ಬಂದ್ರೆ ಇದ್ನ ಯಾರ್ಲಾ ಬಿಡ್ಸೋದು?” ಎಂದಳು. ಅಪ್ಪನಿಗೆ ಕೇಳಿಸಿತು. ಆ ಜಾಗದ ಮಾತನ್ನು ಅವನೂ ಅವಳೂ ಮತ್ತೆ ಎತ್ತಲಿಲ್ಲ.

ಮೊನ್ನೆ ನೀವಿಬ್ಬರೂ ಪತ್ರಿಕೆಯ ಮಕ್ಕಳ ಪುಟ ಹರಡಿಕೊಂಡು, ಪಕ್ಕದಲ್ಲಿ ದಪ್ಪನೆಯ ನಿಘಂಟು ಇಟ್ಟುಕೊಂಡು, ಇಂಥದೇ ಪದಗಳನ್ನು ಹುಡುಕುತ್ತಿದ್ದಿರಿ. ಬ್ರೆಡ್ಡು ತಿನ್ನುತ್ತಲೇ ಬ್ರೆಡ್ ಎಂದು ಬರೆದಿರಿ. ಆಮೇಲೆ ಪುಟ್ಟಿ ಅಣ್ಣನ ಹಾಳೆ ಕಿತ್ತುಕೊಂಡು, ಇದು ನಾನು ಹುಡುಕಿದ ಪದ, ನಿನ್ನ ಹೆಸರಲ್ಲಿ ಯಾಕೆ ಕಳಿಸುತ್ತೀಯ ಎಂದು ಮನೆ ಹಾರಿಹೋಗುವ ಹಾಗೆ ಜಗಳ ತೆಗೆದಳು. ನ್ಯಾಯ ಹೇಳು ಅಂತ ಇಬ್ಬರೂ ನನ್ನ ಹತ್ತಿರ ಬಂದಿರಿ. ನಾನು ಎದ್ದು ಹೊರಗೆ ಹೋಗಿ ಕೂತೆ. ಯಾಕೆ ಅಂತ ಕೇಳಿದಿರಲ್ಲ, ಇದಕ್ಕೇ. ಆ ಜಗಳ ಆಡಲು ನಮ್ಮ ಅಕ್ಕನಿಗೆ ಪುರುಸೊತ್ತಿರಲಿಲ್ಲ.