ಮೇಲಿನ ಎರಡು ಹಲ್ಲು

ನಗರಸಭೆಯ ಬ್ಯಾಂಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮೊದಲ ಕುರ್ಚಿಯಲ್ಲಿ, ಅಂದರೆ ಮುಖ್ಯ ವಾದಕರ ಜಾಗದಲ್ಲಿ, ಕೂತು ಕ್ಲಾರಿನೆಟ್ ಊದಿದವರು ಅಕ್ಕ. ಬ್ಯಾಂಡಿನವರಿಗೆಲ್ಲ ಅವರು ಬರೀ ಅಕ್ಕ. ವಯಸ್ಸಿನಲ್ಲಿ ದೊಡ್ಡವನಾದ ಡ್ರಮ್ಮಿನವನಿಗೂ ಅಕ್ಕನೇ. ಬಸ್ಸಿನ ಮೆಟ್ಟಿಲಲ್ಲಿ ಕಾಲು ಜಾರಿ, ಕಂಬಿಗೆ ಮುಖ ಬಡಿದು ಮೇಲಿನ ಎರಡು ಹಲ್ಲು ಹೋದಾಗ ಅವರಿಗೆ ಐವತ್ತೇಳು. ನೋವಿಗೆ ಅಳಲಿಲ್ಲ. ಕ್ಲಾರಿನೆಟ್ಟಿನ ತುದಿಯನ್ನು ಬಾಯಲ್ಲಿ ಅಲುಗದಂತೆ ಹಿಡಿಯುವುದು ಆ ಎರಡು ಹಲ್ಲೇ ಎಂಬುದು ನೆನಪಾದಾಗ ಅತ್ತರು.

ಬೇಕಾದಾಗ ತೆಗೆದು ಹಾಕಿಕೊಳ್ಳುವಂಥ ಹಲ್ಲು ಕಟ್ಟಿಸಿಕೊಂಡರು. ಊಟಕ್ಕೆ ಪರವಾಗಿರಲಿಲ್ಲ. ಆದರೆ ಭಾನುವಾರ ಸಂಜೆ ಪಾರ್ಕಿನಲ್ಲಿ, ಮೇಲಿನ ಸ್ವರಕ್ಕೆ ಏರುವಾಗ ಅದು ಜಾರಿತು. ಕ್ಲಾರಿನೆಟ್ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು. ಕೇಳಲು ಬಂದವರು ಬಿದ್ದು ಬಿದ್ದು ನಕ್ಕರು.

ಬ್ಯಾಂಡ್ ಮಾಸ್ಟರ್ ನಗಲಿಲ್ಲ. "ಅಕ್ಕಾ, ಇನ್ಮೇಲೆ ನೀವು ತಾಳ ಹಿಡ್ಕೊಳ್ಳಿ," ಎಂದರು.

"ಅದಕ್ಕೆ ಹಲ್ಲು ಬೇಡ, ಅಷ್ಟೇ ತಾನೆ?"

"ಬೇಜಾರು ಮಾಡ್ಕೋಬೇಡಿ. ಆರು ತಿಂಗಳು ನಿಮ್ಮ ಕುರ್ಚಿ ಹಾಗೇ ಇಡ್ತೀನಿ. ಆಮೇಲೆ ಎರಡನೇ ಕುರ್ಚಿಯವರಿಗೆ ಕೊಡ್ಲೇಬೇಕು."

ದವಡೆಯ ಮೂಳೆಗೆ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ನಿಲ್ಲಿಸುವ ಇಂಪ್ಲಾಂಟ್ ಮಾಡಿಸಿಕೊಳ್ಳುತ್ತೇನೆ ಎಂದು ಅಕ್ಕ ಮನೆಯಲ್ಲಿ ಹೇಳಿದಾಗ, ಬಟ್ಟೆ ಮಡಚುತ್ತಿದ್ದ ನಾದಿನಿಯ ಕೈ ನಿಂತಿತು.

"ಈ ವಯಸ್ಸಲ್ಲಿ ಗಿಡ ನೆಟ್ಟ ಹಾಗೆ ಹಲ್ಲು ನೆಡಿಸ್ಕೋತೀರಾ ಅತ್ತಿಗೆ? ದಿನಾ ನೀರು ಬೇರೆ ಹಾಕ್ಬೇಕಾ? ದೇವರು ತಗೊಂಡಿದ್ದನ್ನ ತಿರುಗಿ ಕೇಳ್ಬಾರದು."

"ಹಲ್ಲು ತಗೊಂಡ, ಸರಿ. ಉಸಿರು ಯಾಕೆ ಬಿಟ್ಟ? ಅದನ್ನ ಏನು ಮಾಡ್ಲಿ, ಒಲೆ ಊದ್ಲಾ?"

ನಾದಿನಿ ಮತ್ತೆ ಬಟ್ಟೆ ಮಡಚತೊಡಗಿದಳು.

ಮೂಳೆ ತಿರುಪನ್ನು ಹಿಡಿದುಕೊಳ್ಳಲು ನಾಲ್ಕೈದು ತಿಂಗಳು ಬೇಕು, ಅಲ್ಲಿಯವರೆಗೆ ಊದಕೂಡದು ಎಂದರು ದಂತವೈದ್ಯರು. ಅಕ್ಕ ಒಪ್ಪಿದರು. ಬೆಳಗಿನ ಪ್ರಾರ್ಥನೆ ಮುಗಿಸಿ, ಕ್ಲಾರಿನೆಟ್ ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನಷ್ಟೇ ಓಡಿಸುತ್ತಿದ್ದರು. ಆ ಟಕಟಕ ಸದ್ದಿಗೆ ನಾದಿನಿ ಅಡುಗೆಮನೆಯಿಂದಲೇ, "ಟೈಪಿಂಗ್ ಪರೀಕ್ಷೆ ಯಾವಾಗ ಅತ್ತಿಗೆ?" ಎಂದು ಕೆಣಕುವಳು.

ಐದನೇ ತಿಂಗಳಲ್ಲಿ ಹಲ್ಲು ಬಂದವು, ಮುತ್ತು ಪೋಣಿಸಿದಂತೆ. ವೈದ್ಯರು ಹೆಮ್ಮೆಯಿಂದ ಕನ್ನಡಿ ಹಿಡಿದರು. ಅಕ್ಕ ಕನ್ನಡಿ ಸರಿಸಿ, ಚೀಲದಿಂದ ಕ್ಲಾರಿನೆಟ್ ತೆಗೆದು ಕೂತಲ್ಲೇ ಊದಿದರು. ತುಟಿಯ ಸಂದಿಯಲ್ಲಿ ಗಾಳಿ ಸೋರಿತು.

"ಇದು ಬೇಡ ಡಾಕ್ಟ್ರೇ."

"ಯಾಕಮ್ಮಾ? ಫೋಟೋದಲ್ಲಿ ಎಷ್ಟು ಚೆನ್ನಾಗಿ ಬರುತ್ತೆ!"

"ನಾನು ಫೋಟೋಗೆ ಊದೋದಿಲ್ಲ." ಅಕ್ಕ ಕ್ಲಾರಿನೆಟ್ಟಿನ ಕಪ್ಪು ತುದಿಯನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟರು. ಅದರ ಬೆನ್ನಿನ ಮೇಲೆ ವರ್ಷಗಟ್ಟಲೆ ಹಲ್ಲು ಊರಿ ಬಿದ್ದ ಎರಡು ಗುಳಿ. "ಎಡಗಡೆಯದು ಆಳ, ನೋಡಿ. ನನ್ನ ಆ ಹಲ್ಲು ಒಂಚೂರು ಉದ್ದ, ಒಂಚೂರು ಸೊಟ್ಟ ಇತ್ತು. ಇದರಲ್ಲಿ ಕೂರೋ ಹಲ್ಲು ಮಾಡ್ಕೊಡಿ."

"ಎಲ್ಲರೂ ಸೊಟ್ಟ ಹಲ್ಲು ನೆಟ್ಟಗೆ ಮಾಡಿ ಅಂತ ಬರ್ತಾರೆ. ನೆಟ್ಟಗಿರೋದನ್ನ ಸೊಟ್ಟ ಮಾಡಿದ್ರೆ ನಿಮ್ಮನೆಯವರು ನನ್ನನ್ನ ಬೈಯಲ್ವಾ?"

"ಬೈತಾರೆ. ನನಗೆ ಅಭ್ಯಾಸ ಆಗಿದೆ, ನಿಮಗೂ ಆಗುತ್ತೆ."

ವೈದ್ಯರು ನಗುತ್ತಾ ತಿರುಪಿನ ಮೇಲಿನ ಹೊಸ ಹಲ್ಲುಗಳನ್ನು ಬಿಚ್ಚಿದರು. ಗುಳಿಗಳ ಅಳತೆಗೆ ಬೇರೆ ಮಾಡಿಸಿ ಕೂರಿಸಿದರು.

ಗಡುವಿಗೆ ಮೂರು ದಿನ ಉಳಿದಿರುವಾಗ ಅಕ್ಕ ಅಭ್ಯಾಸದ ಕೋಣೆಗೆ ಕಾಲಿಟ್ಟರು. ಎರಡನೇ ಕುರ್ಚಿಯವನು ಆಗಲೇ ಮೊದಲ ಕುರ್ಚಿಗೆ ಬಂದು ಕೂತಿದ್ದ. ಮಾಸ್ಟರ್ ತಡವರಿಸಿದರು: "ಅಕ್ಕಾ, ಮೊದಲು ನಿಂತ್ಕೊಂಡೇ ಒಂದು ಸ್ವರ ಕೇಳಿಸಿ, ಆಮೇಲೆ..."

"ನಿಂತ್ಕೊಂಡು ಯಾಕೆ? ಇನ್ನೂ ಮೂರು ದಿನ ಈ ಕುರ್ಚಿ ನಂದು. ಏಳಪ್ಪಾ."

ಅವನು ಎದ್ದ. ಅಕ್ಕ ಕೂತು, ಕಣ್ಣು ಮುಚ್ಚಿ, ಪಾರ್ಕಿನಲ್ಲಿ ಮರ್ಯಾದೆ ಕಳೆದಿದ್ದ ಅದೇ ತುಣುಕನ್ನು ಹಿಡಿದರು. ಸ್ವರ ಏರಿತು, ತುದಿಯಲ್ಲಿ ಕೊಂಚ ನಡುಗಿತು, ಒಡೆಯದೆ ನಿಂತಿತು. ಡ್ರಮ್ಮಿನವನು ಕೈಕಟ್ಟಿಕೊಂಡು ಗೋಡೆ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು.

"ಆಯ್ತು ಅಕ್ಕಾ," ಎಂದರು ಮಾಸ್ಟರ್ ಮೆಲ್ಲಗೆ. "ಕುರ್ಚಿ ನಿಮ್ಮದೇ."

"ಎಲ್ಲಿ ಆಯ್ತು? ಕೊನೇಲಿ ಶ್ರುತಿ ಇಳೀತು, ಕಿವಿಗೆ ಬೀಳ್ಲಿಲ್ವಾ? ಎಲ್ಲರೂ ವಾದ್ಯ ತಗೊಳ್ಳಿ. ಮೊದಲಿಂದ."