ಅಂಗಳಕ್ಕೊಂದು ಗೋಡೆ

ನಾನು ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಆರ್ಕಿಟೆಕ್ಟ್ ಕಚೇರಿ ತೆರೆದ ಎರಡನೆಯ ವರ್ಷ, ಮುತ್ತಿನಕೊಪ್ಪದ ಕಡೆಯ ಒಂದು ವ್ಯಾಪಾರಸ್ಥರ ಮನೆಯಿಂದ ಕರೆ ಬಂತು. ತಂದೆ ತೀರಿದ ಮೇಲೆ ಅಣ್ಣ ಬಸವರಾಜಪ್ಪ, ತಮ್ಮ ಮಲ್ಲೇಶಪ್ಪ ಪಾಲಾಗಿದ್ದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ತಾತನ ಕಾಲದ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಲು ನಾನು ಪ್ಲಾನ್ ಬರೆದುಕೊಡಬೇಕಿತ್ತು.

ಅದು ತೊಟ್ಟಿ ಮನೆ. ನಡುವೆ ತೆರೆದ ಅಂಗಳ, ಸುತ್ತಲೂ ಜಗಲಿ, ಎಲ್ಲ ಕೋಣೆಗಳ ಬಾಗಿಲೂ ಅಂಗಳದ ಕಡೆಗೆ. ಹೊರಗೆ ಹೋಗಲು ಒಂದೇ ತಲೆಬಾಗಿಲು. ಜಗಳವಾಡಿದವರು ಮುಖ ತಪ್ಪಿಸಿಕೊಳ್ಳಲು ಇಂಥ ಮನೆಯಲ್ಲಿ ಜಾಗವೇ ಇರುವುದಿಲ್ಲ. ಇವರಿಬ್ಬರೋ ಮಾತು ಬಿಟ್ಟಿದ್ದರು. ಎದುರುಬದುರು ಜಗಲಿಯಲ್ಲಿ ನಿಂತು "ಅವರಿಗೆ ಹೇಳಿ ಮೇಡಂ" ಎನ್ನುತ್ತಿದ್ದರು. ಟೇಪ್ ಹಿಡಿದು ಬಂದ ನಾನು ಅವರ ನಡುವಿನ ಟಪಾಲಿನವಳೂ ಆದೆ.

ಕಾಲೇಜಿನಲ್ಲಿ ಓದಿದ್ದು ನೆನಪಾಗಿ ಹೇಳಿದೆ: ಚೀನಾದ ಹಳೆಯ ಮನೆತನಗಳ ಮನೆಗಳೂ ಹೀಗೇ ಅಂಗಳದ ಸುತ್ತ ಇರುತ್ತವೆ, ಅಲ್ಲಿ ಪಾಲಾದ ಮೇಲೂ ಹಿರಿಯರನ್ನು ಪೂಜಿಸುವ ನಡುಮನೆ ಎಲ್ಲರದಾಗಿಯೇ ಉಳಿಯುತ್ತದೆ.

"ಚೀನಾದ ಪಂಚಾಯ್ತಿ ನಮಗೆಂತಕ್ಕೆ ಮಾರಾಯ್ರೆ? ನೀವು ಗೆರೆ ಎಳೀರಿ" ಎಂದರು ಬಸವರಾಜಪ್ಪ. ಆ ಒಂದು ವಿಷಯದಲ್ಲಿ ತಮ್ಮನೂ ತಲೆಯಾಡಿಸಿದರು.

ಎಳೆದೆ. ಗೆರೆ ಅಂಗಳ ದಾಟಿ ನೇರ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಿತು. ಅಲ್ಲಿದ್ದವರು ಇವರ ಸೋದರತ್ತೆ ಗೌರಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ಈ ಇಬ್ಬರನ್ನು ಸಾಕಿದವರು. ಪಾಲುಪತ್ರದಲ್ಲಿ ಅವರ ಹೆಸರಿರಲಿಲ್ಲ. ನೋಡಿಕೊಳ್ಳಲು ಇಬ್ಬರೂ ಸಿದ್ಧರಿದ್ದರು; ಆದರೆ ಗೋಡೆ ಎದ್ದರೆ ಗೌರಮ್ಮ ಒಬ್ಬರ ಕಡೆಗಷ್ಟೇ ಉಳಿಯುತ್ತಿದ್ದರು. ಅವರನ್ನೇ ಕೇಳಿದೆ.

"ಅಮ್ಮಾ, ನಿಮ್ಮ ಬಾಗಿಲು ಯಾರ ಕಡೆಗೆ ಇಡಲಿ?"

ಗೌರಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಬೆಳಿಗ್ಗೆ ದೊಡ್ಡವನ ಮನೇಲಿ ತಿಂಡಿ ತಿಂತೀನಿ, ರಾತ್ರಿ ಸಣ್ಣವನ ಮನೇಲಿ ಉಣ್ತೀನಿ. ಯಾವ ಹೊತ್ತು ಉಪಾಸ ಇರ್ಬೇಕು ಅಂತ ಅವ್ರನ್ನೇ ಕೇಳಮ್ಮ."

ನಾನು ಕೇಳಬೇಕಾಗಲಿಲ್ಲ, ಇಬ್ಬರಿಗೂ ಕೇಳಿಸಿತ್ತು. ಮಲ್ಲೇಶಪ್ಪ ಎದ್ದು ಹೊರಗೆ ಹೋದರು. ಬಸವರಾಜಪ್ಪ ಕಂಬಕ್ಕೊರಗಿ, "ಅಂಗಳ ಹಾಗೇ ಇರ್ಲಿ ಅಂತ ಅವರಿಗೆ ಹೇಳಿ ಮೇಡಂ" ಎಂದರು.

ಹೊರಗೆ ಹೋಗಿ ಹೇಳಿದಾಗ ಮಲ್ಲೇಶಪ್ಪನೂ ಹೂಂ ಎಂದರು. ಹೊರಗೋಡೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಬಾಗಿಲು ಕೊಟ್ಟು, ಅಂಗಳ ಮತ್ತು ತಲೆಬಾಗಿಲನ್ನು ಇಬ್ಬರಿಗೂ ಸೇರಿದ್ದೆಂದು ಪ್ಲಾನಿನಲ್ಲಿ ಗುರುತು ಮಾಡಿದೆ. ಅಣ್ಣತಮ್ಮಂದಿರು ಒಂದಾಗಲಿಲ್ಲ, ಅದು ಆರ್ಕಿಟೆಕ್ಟ್ ಕೆಲಸವೂ ಅಲ್ಲ. ಆದರೆ ಅಂದಿನಿಂದ ಯಾವ ಮನೆಯ ಅಳತೆಗೆ ಹೋದರೂ, ಪಾಲಿಲ್ಲದವರು ಯಾರಿದ್ದಾರೆಂದು ಮೊದಲು ಕೇಳುತ್ತೇನೆ.

ಗೌರಮ್ಮ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ತಲೆಬಾಗಿಲಿನಿಂದ ಶವ ಹೊರಟಾಗ ಇಬ್ಬರೂ ಹೆಗಲು ಕೊಟ್ಟರು, ಮಾತಾಡಲಿಲ್ಲ. ಈಗ ಗೋಡೆಗೆ ಯಾವ ಅಡ್ಡಿಯೂ ಇಲ್ಲ. ನನ್ನ ನಂಬರ್ ಇಬ್ಬರ ಹತ್ತಿರವೂ ಇದೆ. ಇನ್ನೂ ಯಾರೂ ಫೋನ್ ಮಾಡಿಲ್ಲ.